ಈ ರೊಕ್ಕ ಯಾರ ಕಿಸೆಯಿಂದ ಬರುತ್ತದೆ?

(ಕಲಬುರಗಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ. ಹೂಡಿಕೆ ಮತ್ತು ಷೇರುಪೇಟೆಯನ್ನು ಮೊದಲಿಂದ ತಿಳಿಯಬೇಕು ಅನ್ನುವವರಿಗೆ ಹೇಳಿದ್ದು. ನಡುವೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಕಾಮರ್ಸ್ ಪಾಠ ಮಾಡುವವನು. ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಯಲ್ಲಿ ನೋಂದಣಿ ಆದ ಹೂಡಿಕೆ ಸಲಹೆಗಾರ ಅಲ್ಲ. ಹಾಗಾಗಿ "ಸರ್, ಯಾವ ಷೇರು ತಗೊಳ್ಳಲಿ" ಅಂತ ಕೇಳಬೇಡಿ. ಕೇಳಿದರೂ ಹೇಳುವುದಿಲ್ಲ. ಬೇರೆ ಯಾರಾದರೂ ವೇದಿಕೆ ಮೇಲೆ ನಿಂತು ಷೇರಿನ ಹೆಸರು ಹೇಳಿದರೆ ಅಲ್ಲಿಂದ ಎದ್ದು ಬಂದುಬಿಡಿ.

ಇವತ್ತು ಮುಂದಿನ ಸಾಲಿನಲ್ಲಿ ಗಂಜ್‌ನ, ಅಂದರೆ ನಮ್ಮ ಧಾನ್ಯದ ಮಾರುಕಟ್ಟೆಯ, ಅಂಗಡಿಯವರು ಕೂತಿದ್ದೀರಿ. ಹಿಂದೆ ಕಾಲೇಜು ಹುಡುಗರಿದ್ದಾರೆ. ಈ ಊರಿನವರಿಗೆ ಮಾರುಕಟ್ಟೆ ಅಂದರೇನು ಅಂತ ನಾನು ಬಂದು ಹೇಳಬೇಕಾಗಿಲ್ಲ. ಜನವರಿಯಲ್ಲಿ ಗಂಜ್‌ಗೆ ಹೋಗಿ ನೋಡಿ. ಅಡತಿ ಅಂಗಡಿ ಮುಂದೆ ತೊಗರಿ ರಾಶಿ ಸುರಿದಿರುತ್ತದೆ. ಖರೀದಿದಾರ ಬಂದು ಒಂದು ಹಿಡಿ ಎತ್ತುತ್ತಾನೆ, ಅಂಗೈಯಲ್ಲಿ ಹರಡಿ ನೋಡುತ್ತಾನೆ, ಒಂದು ಕಾಳು ಹಲ್ಲಿಗೆ ಕೊಟ್ಟು ಕಡಿಯುತ್ತಾನೆ. ಹಸಿ ಇದೆಯಾ, ಒಣಗಿದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ತನ್ನ ದರವನ್ನು ಟೆಂಡರಿಗೆ ಹಾಕುತ್ತಾನೆ. ಪಕ್ಕದವನು ಎಷ್ಟು ಹಾಕಿದ ಅಂತ ಅವನಿಗೆ ಗೊತ್ತಿರುವುದಿಲ್ಲ. ಜಾಸ್ತಿ ಬರೆದವನಿಗೆ ಮಾಲು. ದರ ಒಪ್ಪಿಗೆ ಆಗದಿದ್ದರೆ ರೈತ ಕೊಡುವುದಿಲ್ಲ ಅನ್ನಬಹುದು.

ಅಷ್ಟೇ. ಕೊಳ್ಳುವವರು, ಮಾರುವವರು, ಅವರ ನಡುವೆ ಒಂದು ದರ, ನಡುವಿನವನ ದಲಾಲಿ, ಮೇಲೆ ಕಣ್ಣಿಡಲು ಒಂದು ಸಮಿತಿ. ಷೇರುಪೇಟೆ ಇರುವ ಮುಂಬೈಯ ದಲಾಲ್ ಸ್ಟ್ರೀಟ್‌ನಲ್ಲಿ ನಡೆಯುವುದೂ ಇದೇ. ಅಲ್ಲಿ ಮಾಲು ಬೇರೆ.

ಗಂಜ್‌ನಲ್ಲಿ ಇನ್ನೊಂದು ವಿಷಯ ಗಮನಿಸಿದ್ದೀರಾ? ಮ್ಯಾನ್ಮಾರ್‌ನಿಂದಲೋ ಆಫ್ರಿಕಾದ ಮೊಜಾಂಬಿಕ್‌ನಿಂದಲೋ ತೊಗರಿ ಬರುತ್ತಿದೆ ಅನ್ನುವ ಸುದ್ದಿ ಬಂದರೆ ಸಾಕು, ಇಲ್ಲಿ ದರ ಇಳಿಯುತ್ತದೆ. ಆ ಕಾಳು ಇನ್ನೂ ಹಡಗಿನಲ್ಲೇ ಇರುತ್ತದೆ! ನೆಟೆ ರೋಗದಿಂದ ಗಿಡ ಒಣಗುತ್ತಿದೆ ಅಂತ ಆಳಂದದ ಕಡೆಯಿಂದ ಸುದ್ದಿ ಬಂದರೆ ದರ ಏರುತ್ತದೆ. ಕಟಾವಿಗೆ ಇನ್ನೂ ಎರಡು ತಿಂಗಳು ಇರುತ್ತದೆ. ಅಂದರೆ ಇವತ್ತಿನ ದರದಲ್ಲಿ ನಾಳೆಯ ಅಂದಾಜು ಸೇರಿರುತ್ತದೆ. ಷೇರಿನ ದರವೂ ಹೀಗೇ. "ಕಂಪನಿ ಲಾಭ ಮಾಡಿದೆ, ಆದರೂ ಷೇರು ಬಿತ್ತಲ್ಲ" ಅಂತ ಹುಡುಗರು ಆಶ್ಚರ್ಯ ಪಡುತ್ತಾರೆ. ಲಾಭ ಬರುತ್ತದೆ ಅಂತ ಜನ ಮೊದಲೇ ಅಂದಾಜು ಮಾಡಿ ದರ ಏರಿಸಿರುತ್ತಾರೆ. ಬಂದ ಲಾಭ ಆ ಅಂದಾಜಿಗಿಂತ ಕಡಿಮೆ ಆದರೆ ದರ ಬೀಳುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. ಗಂಜ್‌ನಲ್ಲಿ ಮಾಲು ಕೊಡುವಾಗ ನೀವು ಕೇಳುವುದು ದರ ಒಂದನ್ನೇ ಅಲ್ಲ. ರೊಕ್ಕ ಕೊಡುವವನು ಯಾರು? ಅವನ ಹತ್ತಿರ ರೊಕ್ಕ ಇದೆಯಾ? ಹೋದ ವರ್ಷ ಯಾರಿಗಾದರೂ ಬಾಕಿ ಇಟ್ಟಿದ್ದಾನಾ? ಇಷ್ಟೆಲ್ಲ ವಿಚಾರಿಸಿ ಮಾಲು ಕೊಡುತ್ತೀರಿ. ಅದೇ ಮನುಷ್ಯ ಉಳಿತಾಯದ ರೊಕ್ಕ ಎಲ್ಲೋ ಹಾಕುವಾಗ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಪರ್ಸೆಂಟ್?" ನನಗೆ ಇದು ಇವತ್ತಿಗೂ ಅರ್ಥ ಆಗಿಲ್ಲ. ಎಷ್ಟು ಅನ್ನುವುದು ಎರಡನೇ ಪ್ರಶ್ನೆ ಆಗಬೇಕು. ನನಗೆ ಬರುವ ಲಾಭ ಯಾರ ಕಿಸೆಯಿಂದ ಬರುತ್ತದೆ, ಅವನಿಗೆ ಅದು ಎಲ್ಲಿಂದ ಬರುತ್ತದೆ ಅನ್ನುವುದು ಮೊದಲನೆಯದು. ಇವತ್ತು ಪ್ರತಿಯೊಂದು ಹೂಡಿಕೆಗೂ ಇದೇ ಪ್ರಶ್ನೆ ಹಾಕುತ್ತಾ ಹೋಗುತ್ತೇನೆ.

ಬ್ಯಾಂಕ್ ಎಫ್‌ಡಿ ತೆಗೆದುಕೊಳ್ಳಿ. ನಿಮ್ಮ ಠೇವಣಿಯನ್ನು ಬ್ಯಾಂಕು ಇನ್ನೊಬ್ಬರಿಗೆ ಸಾಲ ಕೊಡುತ್ತದೆ. ಮನೆ ಕಟ್ಟುವವನು, ದಾಲ್ ಮಿಲ್ ನಡೆಸುವವನು, ಟ್ರ್ಯಾಕ್ಟರ್ ಕೊಂಡವನು ಬಡ್ಡಿ ಕಟ್ಟುತ್ತಾರೆ. ಅದರಲ್ಲಿ ಒಂದು ಪಾಲು ನಿಮಗೆ, ಉಳಿದದ್ದು ಬ್ಯಾಂಕಿಗೆ. ಉತ್ತರ ಸ್ಪಷ್ಟವಾಗಿದೆ. ಸಾಲ ತೆಗೆದುಕೊಂಡವರು ಕಟ್ಟದೇ ಹೋದರೆ? ಅದಕ್ಕೆ ಠೇವಣಿ ವಿಮೆ ಇದೆ. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಎಲ್ಲ ಸೇರಿ 5 ಲಕ್ಷದವರೆಗೆ. 2020ರ ಫೆಬ್ರವರಿಗೆ ಮುಂಚೆ ಇದು ಬರೀ 1 ಲಕ್ಷ ಇತ್ತು. ಒಂದೇ ಬ್ಯಾಂಕಿನ ಮೂರು ಬ್ರಾಂಚಿನಲ್ಲಿ ಇಟ್ಟರೂ ಲೆಕ್ಕ ಒಂದೇ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಮ್ಮ ಕಡೆ ಇದರಲ್ಲಿ ಗೊಂದಲ ಜಾಸ್ತಿ. ಈ ವಿಮೆ ಇರುವುದು ಬ್ಯಾಂಕುಗಳಿಗೆ. ಸಹಕಾರಿ ಬ್ಯಾಂಕಿಗೂ ಉಂಟು. ಆದರೆ ಪತ್ತಿನ ಸಹಕಾರ ಸಂಘಕ್ಕೆ, ಸೌಹಾರ್ದ ಸಹಕಾರಿಗೆ ಇಲ್ಲ. ಬೋರ್ಡು ಬ್ಯಾಂಕಿನ ಹಾಗೇ ಇರುತ್ತದೆ, ಕೌಂಟರ್ ಹಾಗೇ ಇರುತ್ತದೆ, ಪಾಸ್‌ಬುಕ್ಕೂ ಹಾಗೇ ಇರುತ್ತದೆ. ಬಡ್ಡಿ ಒಂದೆರಡು ಪರ್ಸೆಂಟ್ ಜಾಸ್ತಿ ಕೊಡುತ್ತಾರೆ. ಚೆನ್ನಾಗಿ ನಡೆಯುವ ಸಂಘಗಳು ಬೇಕಾದಷ್ಟಿವೆ, ನಾನು ಯಾರನ್ನೂ ದೂರುತ್ತಿಲ್ಲ. ಆದರೆ ಆ ಜಾಸ್ತಿ ಬಡ್ಡಿ ಸುಮ್ನೆ ಬಂದದ್ದಲ್ಲ. ವಿಮೆ ಇಲ್ಲದ ಅಪಾಯವನ್ನು ನೀವು ಹೊತ್ತುಕೊಂಡಿದ್ದಕ್ಕೆ ಸಿಕ್ಕ ಕೂಲಿ ಅದು. ಎಲ್ಲ ಹೂಡಿಕೆಯಲ್ಲೂ ಈ ನಿಯಮ ನಡೆಯುತ್ತದೆ. ಜಾಸ್ತಿ ಕೊಡುತ್ತೇನೆ ಅಂದವನು ಯಾವುದೋ ಅಪಾಯವನ್ನು ನಿಮ್ಮ ಹೆಗಲಿಗೆ ದಾಟಿಸಿರುತ್ತಾನೆ.

"ಹಂಗಾರ ಎಫ್‌ಡಿನೇ ಛಲೋ ಅಲ್ರೀ?" ಅಂತ ಒಬ್ಬ ಹಿರಿಯರು ಕೇಳಿದರು.

ಛಲೋನೇ ಕಾಕಾ. ಆದರೆ ಲೆಕ್ಕ ಹಾಕೋಣ. 1 ಲಕ್ಷಕ್ಕೆ 7 ಪರ್ಸೆಂಟ್ ಅಂದರೆ ವರ್ಷಕ್ಕೆ 7,000. ನಿಮ್ಮ ಆದಾಯ 30 ಪರ್ಸೆಂಟ್ ತೆರಿಗೆ ಹಂತದಲ್ಲಿದ್ದರೆ 2,100 ತೆರಿಗೆಗೆ ಹೋಯಿತು. ಉಳಿದದ್ದು 4,900. ಆ ವರ್ಷ ಸಾಮಾನಿನ ಬೆಲೆ 5 ಪರ್ಸೆಂಟ್ ಏರಿದರೆ, ಹೋದ ವರ್ಷ 1 ಲಕ್ಷಕ್ಕೆ ಬರುತ್ತಿದ್ದ ಸಂತೆಗೆ ಈಗ 1,05,000 ಬೇಕು. ನಿಮ್ಮ ಹತ್ತಿರ ಇರುವುದು 1,04,900. ಪಾಸ್‌ಬುಕ್ಕಿನಲ್ಲಿ ರೊಕ್ಕ ಬೆಳೆದಿದೆ, ಸಂತೆಯಲ್ಲಿ 100 ರೂಪಾಯಿ ಕಡಿಮೆ ಬಿದ್ದಿದೆ. ತೆರಿಗೆ ಕಟ್ಟದವರಿಗೆ ಈ ತೊಂದರೆ ಇಲ್ಲ, ಅವರಿಗೆ ಎಫ್‌ಡಿ ನಿಜವಾಗಿಯೂ ಒಳ್ಳೆಯದು. ಬೆಲೆಯೇರಿಕೆಯ ಲೆಕ್ಕಕ್ಕೆ ಒಂದು ಸುಲಭ ದಾರಿ ಇದೆ. 72ನ್ನು ಪರ್ಸೆಂಟಿನಿಂದ ಭಾಗಿಸಿ. ಬೆಲೆ ವರ್ಷಕ್ಕೆ 6ರಂತೆ ಏರಿದರೆ 12 ವರ್ಷಕ್ಕೆ ಎರಡು ಪಟ್ಟು. ಇವತ್ತು ಎರಡನೇ ಕ್ಲಾಸಿನಲ್ಲಿರುವ ಮಗಳು ಇಂಜಿನಿಯರಿಂಗ್ ಮುಗಿಸುವ ಹೊತ್ತಿಗೆ ಫೀಸು ಎಷ್ಟಾಗಿರುತ್ತದೆ ಅಂತ ನೀವೇ ನೋಡಿ.

ರೊಕ್ಕ ಅಂದರೆ ಸ್ಥಿರ ಅನ್ನುವ ನಂಬಿಕೆ ನಮ್ಮ ಭಾಗದ ಹಳಬರಿಗೆ ಇರಲಿಕ್ಕಿಲ್ಲ. ಈ ಜಿಲ್ಲೆ ನಿಜಾಮರ ಕೆಳಗಿದ್ದಾಗ ಇಲ್ಲಿ ನಡೆಯುತ್ತಿದ್ದದ್ದು ನಿಜಾಮರ ನಾಣ್ಯ ಹಾಲಿ ಸಿಕ್ಕಾ. ಸೊಲ್ಲಾಪುರಕ್ಕೆ ಹೋಗಬೇಕಾದರೆ ಕಲ್ದಾರ್, ಅಂದರೆ ಬ್ರಿಟಿಷರ ರೂಪಾಯಿ, ಬೇಕಿತ್ತು. 7 ಹಾಲಿ ರೂಪಾಯಿಗೆ 6 ಕಲ್ದಾರ್. 1959ಕ್ಕೆ ಹಾಲಿಯ ಚಲಾವಣೆ ಮುಗಿಯಿತು. ಆ ಸಿಕ್ಕಾದ ವ್ಯವಹಾರ ನೋಡಿಕೊಳ್ಳಲು 1941ರಲ್ಲಿ ಕಟ್ಟಿದ ಬ್ಯಾಂಕೇ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆದದ್ದು. 2017ರ ಏಪ್ರಿಲ್ 1ಕ್ಕೆ ಅದೂ ಎಸ್‌ಬಿಐನಲ್ಲಿ ಸೇರಿಹೋಯಿತು. ನಮ್ಮಲ್ಲಿ ಎಷ್ಟೋ ಜನ ಇನ್ನೂ ಎಸ್‌ಬಿಎಚ್ ಅಂತಲೇ ಅನ್ನುತ್ತಾರೆ. ಇರಲಿ, ಇದು ಮಾತಿಗೆ ಬಂತು.

ಮುಂದೆ ಬಾಂಡ್. ಇಲ್ಲಿ ನೀವು ಬ್ಯಾಂಕನ್ನು ಬಿಟ್ಟು ನೇರವಾಗಿ ಸರ್ಕಾರಕ್ಕೋ ಕಂಪನಿಗೋ ಸಾಲ ಕೊಡುತ್ತೀರಿ. ಸರ್ಕಾರ ತೆರಿಗೆಯಿಂದ ಬಡ್ಡಿ ಕಟ್ಟುತ್ತದೆ, ಕಂಪನಿ ತನ್ನ ವ್ಯಾಪಾರದಿಂದ. ಅಂಚೆ ಕಚೇರಿಯ ಉಳಿತಾಯ ಪತ್ರ, ಪಿಪಿಎಫ್, ಸುಕನ್ಯಾ ಸಮೃದ್ಧಿ ಎಲ್ಲವೂ ಕೊನೆಗೆ ಸರ್ಕಾರಕ್ಕೆ ಕೊಟ್ಟ ಸಾಲವೇ. 2021ರ ನವೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆ ತೆರೆದು ಸಾಮಾನ್ಯರೂ ಸರ್ಕಾರಿ ಬಾಂಡ್ ಕೊಳ್ಳಬಹುದು. ಬಾಂಡ್‌ನಲ್ಲಿ ಒಂದು ವಿಚಿತ್ರ ಇದೆ. ಬಡ್ಡಿ ದರ ಏರಿದರೆ ಹಳೆಯ ಬಾಂಡಿನ ಬೆಲೆ ಇಳಿಯುತ್ತದೆ. 1,000 ರೂಪಾಯಿಯ, 7 ಪರ್ಸೆಂಟ್ ಬಡ್ಡಿಯ ಬಾಂಡ್ ನಿಮ್ಮ ಹತ್ತಿರ ಇದೆ, ಇನ್ನೂ 10 ವರ್ಷ ಬಾಕಿ ಇದೆ ಅನ್ನಿ. ಈಗ ಹೊಸ ಬಾಂಡ್ 8 ಪರ್ಸೆಂಟ್ ಕೊಡುತ್ತಿದೆ. ನಿಮ್ಮದನ್ನು 1,000 ಕೊಟ್ಟು ಯಾರು ಕೊಳ್ಳುತ್ತಾರೆ? ಸುಮಾರು 933ಕ್ಕೆ ಇಳಿಸಿದರೆ ಲೆಕ್ಕ ಸರಿಹೋಗುತ್ತದೆ. ಕೊನೆಯವರೆಗೂ ಇಟ್ಟುಕೊಂಡರೆ ನಿಮಗೆ 1,000 ಬಂದೇ ಬರುತ್ತದೆ. ನಡುವೆ ಮಾರಬೇಕಾದರೆ ಮಾತ್ರ ನಷ್ಟ.

ಈಗ ಷೇರು. ಷೇರು ಅಂದರೆ ಕಂಪನಿಯ ಮಾಲೀಕತ್ವದಲ್ಲಿ ಒಂದು ಸಣ್ಣ ಪಾಲು. ಸೇಡಂ ರಸ್ತೆಯಲ್ಲಿ ಹೋಗುವಾಗ ಕಾಗಿಣಾ ದಂಡೆಯ ಮೇಲೆ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿ ಆಗಿದ್ದ ಊರು. ಈಗ ಅಲ್ಲಿ ಕೋಟೆಗಿಂತ ಮೊದಲು ಕಾಣುವುದು ಸಿಮೆಂಟ್ ಕಾರ್ಖಾನೆ. ಅದು ಅಲ್ಟ್ರಾಟೆಕ್ ಕಂಪನಿಯದು. ವಾಡಿಯದು ಎಸಿಸಿ ಕಂಪನಿಯದು. ಎರಡೂ ಷೇರುಪೇಟೆಯಲ್ಲಿರುವ ಕಂಪನಿಗಳು. ನಮ್ಮ ನೆಲದ ಸುಣ್ಣದ ಕಲ್ಲಿನಿಂದ ಆಗುವ ಲಾಭದಲ್ಲಿ ಪಾಲುದಾರ ಆಗಲು ಮುಂಬೈಯವನಿಗೆ ಎಷ್ಟು ಹಕ್ಕು ಇದೆಯೋ ಚಿಂಚೋಳಿಯವನಿಗೂ ಅಷ್ಟೇ ಇದೆ. ಕೊಳ್ಳಿ ಅಂತ ಹೇಳುತ್ತಿಲ್ಲ, ಉದಾಹರಣೆ ಅಷ್ಟೇ.

ಒಂದು ಕಂಪನಿಗೆ ವರ್ಷಕ್ಕೆ 100 ಕೋಟಿ ಲಾಭ, ಅದರ ಷೇರುಗಳು 10 ಕೋಟಿ ಅಂತ ಇಟ್ಟುಕೊಳ್ಳಿ. ಒಂದು ಷೇರಿಗೆ 10 ರೂಪಾಯಿ ಲಾಭ. ಪೇಟೆಯಲ್ಲಿ ಆ ಷೇರು 200ಕ್ಕೆ ನಡೆಯುತ್ತಿದ್ದರೆ ನೀವು ಒಂದು ವರ್ಷದ ಲಾಭದ 20 ಪಟ್ಟು ಕೊಡುತ್ತಿದ್ದೀರಿ. ಪಿಇ ಅನ್ನುತ್ತಾರಲ್ಲ, ಅದು ಇದೇ. ಲಾಭ ಹಾಗೇ ಇದ್ದು ಜನರ ಉತ್ಸಾಹ ಏರಿ ದರ 400 ಆದರೆ ಪಿಇ 40. ಕಂಪನಿ ಒಂದು ಚೀಲ ಸಿಮೆಂಟನ್ನೂ ಜಾಸ್ತಿ ಮಾಡಿಲ್ಲ, ನಿಮ್ಮ ಷೇರು ಮಾತ್ರ ಎರಡು ಪಟ್ಟು ಆಗಿದೆ. ಈಗ ನಮ್ಮ ಪ್ರಶ್ನೆ ಹಾಕಿ. ಷೇರಿನಿಂದ ಬರುವ ರೊಕ್ಕ ಎರಡು ಕಿಸೆಯಿಂದ ಬರುತ್ತದೆ. ಒಂದು ಕಂಪನಿಯ ಲಾಭದಿಂದ. ಅದು ಡಿವಿಡೆಂಡ್ ಆಗಿ ಕೈಗೆ ಬರಬಹುದು, ಇಲ್ಲವೇ ಹೊಸ ಕಾರ್ಖಾನೆ ಆಗಿ ನಿಲ್ಲಬಹುದು. ಇನ್ನೊಂದು, ನಿಮಗಿಂತ ಜಾಸ್ತಿ ಉತ್ಸಾಹ ಇರುವ ಮುಂದಿನ ಗಿರಾಕಿಯಿಂದ. ಮೊದಲನೆಯದನ್ನು ನಂಬಿ ಕೊಂಡವನು ಹತ್ತು ವರ್ಷ ಕೂರಬಹುದು. ಎರಡನೆಯದನ್ನು ನಂಬಿ ಕೊಂಡವನಿಗೆ ರಾತ್ರಿ ನಿದ್ದೆ ಬರುವುದಿಲ್ಲ.

"ಸರ್, ನಾನು ಮೊಬೈಲ್‌ನ್ಯಾಗ ಷೇರು ತಗೊಂಡ್ರ ರೊಕ್ಕ ಕಂಪನಿಗೆ ಹೋಗ್ತದೇನ್ರೀ?" ಹಿಂದಿನ ಸಾಲಿನ ಹುಡುಗನ ಪ್ರಶ್ನೆ. ಇವತ್ತಿನ ಒಳ್ಳೆಯ ಪ್ರಶ್ನೆ ಇದೇ.

ಇಲ್ಲಪ್ಪಾ. ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವುದನ್ನು ಐಪಿಒ ಅನ್ನುತ್ತಾರೆ. ಅದರಲ್ಲಿ ಕಂಪನಿ ಹೊಸದಾಗಿ ಹೊರಡಿಸಿದ ಷೇರಿನ ರೊಕ್ಕ ಮಾತ್ರ ಕಂಪನಿಗೆ ಹೋಗುತ್ತದೆ. ಐಪಿಒದಲ್ಲೂ ಹಳೆಯ ಮಾಲೀಕರು ತಮ್ಮ ಪಾಲನ್ನು ಮಾರುವುದಿದೆ, ಆ ರೊಕ್ಕ ಅವರಿಗೆ. ಆಮೇಲೆ ದಿನಾ ಪೇಟೆಯಲ್ಲಿ ನಡೆಯುವುದು ನಮ್ಮ ನಿಮ್ಮಂಥವರ ನಡುವಿನ ವ್ಯಾಪಾರ. ನೀನು ಕೊಟ್ಟ ರೊಕ್ಕ ಮಾರಿದವನಿಗೆ ಹೋಗುತ್ತದೆ. ಹಾಗಾದರೆ ದಿನದ ಪೇಟೆಯಿಂದ ಕಂಪನಿಗೇನು ಉಪಯೋಗ ಅಂತ ಕೇಳಬಹುದು. ಬೇಕಾದಾಗ ಮಾರಿ ಹೊರಬರುವ ದಾರಿ ಇದೆ ಅಂತ ಗೊತ್ತಿದ್ದರೆ ತಾನೆ ಜನ ಮೊದಲ ಸಲ ಕಂಪನಿಗೆ ರೊಕ್ಕ ಕೊಡುವುದು?

ಆ ಪೇಟೆ ಬೆಳೆದದ್ದು ಹೇಗೆ ಅಂತ ಎರಡು ಮಾತು. 1850ರ ದಶಕದಲ್ಲಿ ಮುಂಬೈಯಲ್ಲಿ ದಲಾಲರು ಆಲದ ಮರದ ಕೆಳಗೆ ಸೇರುತ್ತಿದ್ದರು. 1875ರಲ್ಲಿ ಸಂಘ ಕಟ್ಟಿಕೊಂಡರು. ಅದೇ ಇವತ್ತಿನ ಬಿಎಸ್‌ಇ. 1992ರಲ್ಲಿ ಬ್ಯಾಂಕುಗಳ ರೊಕ್ಕದಿಂದ ಷೇರು ದರ ಏರಿಸಿದ ದಲಾಲ ಹರ್ಷದ್ ಮೆಹ್ತಾನ ಹಗರಣ ಆಯಿತು. ಅದೇ ವರ್ಷ ಸೆಬಿಗೆ ಕಾನೂನಿನ ಬಲ ಬಂತು. 1994ರಲ್ಲಿ ಎನ್‌ಎಸ್‌ಇ ಅನ್ನುವ ಇನ್ನೊಂದು ಷೇರುಪೇಟೆ ಕಂಪ್ಯೂಟರ್ ಮೇಲೆ ವ್ಯಾಪಾರ ಶುರು ಮಾಡಿತು. 1996ರ ಡಿಪಾಸಿಟರಿ ಕಾಯ್ದೆಯಿಂದ ಕಾಗದದ ಷೇರು ಹೋಗಿ ಡಿಮ್ಯಾಟ್, ಅಂದರೆ ಕಂಪ್ಯೂಟರ್ ಖಾತೆಯಲ್ಲಿ ಷೇರು ಇಡುವ ಕ್ರಮ, ಬಂತು. ಅದಕ್ಕೆ ಮುಂಚೆ ನಕಲಿ ಸರ್ಟಿಫಿಕೇಟು, ಸಹಿ ತಾಳೆ ಆಗದಿರುವುದು, ಅಂಚೆಯಲ್ಲಿ ಕಳೆದುಹೋಗುವುದು ಎಲ್ಲ ಇತ್ತು. ಈಗ ಇವತ್ತು ಮಾರಿದರೆ ಮುಂದಿನ ಕೆಲಸದ ದಿನ ಲೆಕ್ಕ ಚುಕ್ತಾ. 2023ರ ಜನವರಿ ಕೊನೆಯಿಂದ ಎಲ್ಲ ಷೇರಿಗೂ ಹೀಗೇ.

ಸೆನ್ಸೆಕ್ಸ್ ಅಂದರೆ 30 ದೊಡ್ಡ ಕಂಪನಿಗಳ ಷೇರು ದರದ ಸೂಚ್ಯಂಕ. 1978-79ರಲ್ಲಿ ಅದು 100 ಅಂತ ಹಿಡಿದು ಲೆಕ್ಕ ಶುರು. 2024ರ ಸೆಪ್ಟೆಂಬರ್‌ನಲ್ಲಿ 85,000 ದಾಟಿತು. ಇದನ್ನು ತೋರಿಸಿಯೇ ಎಲ್ಲರೂ ನಿಮ್ಮನ್ನು ಷೇರಿಗೆ ಕರೆಯುತ್ತಾರೆ. ಅವರು ಹೇಳದ ಭಾಗವನ್ನು ನಾನು ಹೇಳುತ್ತೇನೆ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ಮುಟ್ಟಿತ್ತು. 2009ರ ಮಾರ್ಚ್‌ಗೆ 8,200ಕ್ಕಿಂತ ಕೆಳಗೆ ಬಂತು. 2010ರ ದೀಪಾವಳಿಗೆ ಮತ್ತೆ 21,000 ಮುಟ್ಟಿ ಜಾರಿತು. ಆ ಮಟ್ಟವನ್ನು ಗಟ್ಟಿಯಾಗಿ ದಾಟಲು 2013ರ ಕೊನೆ ಬರಬೇಕಾಯಿತು. ಅಂದರೆ ತುದಿಯಲ್ಲಿ ಕೊಂಡವನು ಸುಮಾರು ಆರು ವರ್ಷ ಕಾಯ್ದು ಅಸಲಿಗೆ ಬಂದ. 2020ರಲ್ಲಿ ಕೊರೊನಾ ಬಂದಾಗ ಜನವರಿಯ 42,000 ಮಾರ್ಚ್ 23ಕ್ಕೆ 26,000 ಆಯಿತು. ಅದೊಂದೇ ದಿನ ಬಿದ್ದದ್ದು 13 ಪರ್ಸೆಂಟ್. ಆಗ ಮಗಳ ಮದುವೆಗೆ ರೊಕ್ಕ ಬೇಕಾಗಿದ್ದವನ ಗತಿ ನೋಡಿ. ವರ್ಷ ಕಳೆದರೆ ಪೇಟೆ ಏರುತ್ತದೆ ಅಂತ ಗೊತ್ತಿದ್ದರೂ ಮುಹೂರ್ತ ಮುಂದಕ್ಕೆ ಹೋಗುವುದಿಲ್ಲವಲ್ಲ. ಹಾಗಾಗಿ ಐದು ವರ್ಷದೊಳಗೆ ಬೇಕಾಗುವ ರೊಕ್ಕವನ್ನು ಷೇರಿಗೆ ಹಾಕಬೇಡಿ ಅಂತ ನಾನು ಹೇಳುವುದು. ಏಳು ಅಂದರೂ ತಪ್ಪಲ್ಲ.

ಇನ್ನೊಂದು ಮಾತು. ಆ 30 ಕಂಪನಿಗಳು ಬದಲಾಗುತ್ತಾ ಇರುತ್ತವೆ. ಸೊರಗಿದ ಕಂಪನಿಯನ್ನು ತೆಗೆದು ಬೆಳೆದದ್ದನ್ನು ಸೇರಿಸುತ್ತಾರೆ. ನಿಮ್ಮ ಹತ್ತಿರ ಇರುವ ಒಂದೇ ಷೇರು ಹಾಗೆ ತಾನಾಗಿ ಬದಲಾಗುವುದಿಲ್ಲ. ಸೆನ್ಸೆಕ್ಸ್ ಏರಿದ್ದನ್ನು ನೋಡಿ ನಿಮ್ಮ ಷೇರೂ ಏರಬೇಕು ಅಂತ ಕಾಯುವುದರಲ್ಲಿ ಅರ್ಥ ಇಲ್ಲ.

ಇದಕ್ಕೇ ಮ್ಯೂಚುವಲ್ ಫಂಡ್ ಇರುವುದು. ಹಲವರ ರೊಕ್ಕ ಸೇರಿಸಿ ಹತ್ತಾರು ಕಂಪನಿಗಳ ಷೇರು ಕೊಳ್ಳುತ್ತಾರೆ. ಲಾಭ ಬರುವುದು ಅದೇ ಕಂಪನಿಗಳಿಂದ, ಹಾಗಾಗಿ ಅಪಾಯವೂ ಅಲ್ಲಿಯದೇ. "ಎಸ್‌ಐಪಿ ಹಾಕಿದೀನಿ, ಷೇರು ಅಲ್ಲ" ಅನ್ನುವವರು ಇದ್ದಾರೆ. ಎಸ್‌ಐಪಿ ಅಂದರೆ ತಿಂಗಳಿಗೊಮ್ಮೆ ಕಟ್ಟುವ ಕ್ರಮ ಮಾತ್ರ. ಕಟ್ಟಿದ ರೊಕ್ಕ ಹೋಗುವುದು ಯಾವ ಫಂಡಿಗೆ ಅಂತ ನೋಡಬೇಕು. ಇಲ್ಲಿ ನಿಮ್ಮ ಕಿಸೆಯಿಂದ ಹೊರಗೆ ಹೋಗುವುದರ ಮೇಲೂ ಕಣ್ಣಿಡಿ. ತಿಂಗಳಿಗೆ 2,000ದಂತೆ 20 ವರ್ಷ ಕಟ್ಟಿದರೆ ನೀವು ಹಾಕಿದ್ದು 4.8 ಲಕ್ಷ. ವರ್ಷಕ್ಕೆ 10 ಪರ್ಸೆಂಟ್ ಬೆಳೆದರೆ ಸುಮಾರು 15.2 ಲಕ್ಷ ಆಗುತ್ತದೆ. ಖರ್ಚಿನ ಹೆಸರಲ್ಲಿ 1 ಪರ್ಸೆಂಟ್ ಹೋಗಿ 9 ಉಳಿದರೆ 13.4 ಲಕ್ಷ. ಒಂದೇ ಪರ್ಸೆಂಟು, 1.8 ಲಕ್ಷ! 2013ರಿಂದ ಪ್ರತಿ ಫಂಡಿನಲ್ಲೂ ಏಜೆಂಟ್ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಇದೆ. ಆದರೆ ಪೇಟೆ ಬಿದ್ದಾಗ ಗಾಬರಿಯಾಗಿ ಎಲ್ಲ ಮಾರಿ ಹೊರಬರುವ ಸ್ವಭಾವದವರು ಒಬ್ಬ ಒಳ್ಳೆಯ ಏಜೆಂಟ್ ಇಟ್ಟುಕೊಳ್ಳುವುದೇ ಲಾಭ. ಆ 1 ಪರ್ಸೆಂಟ್ ಅವನು ಬೈದು ನಿಲ್ಲಿಸಿದ್ದಕ್ಕೆ ಕೊಟ್ಟದ್ದು ಅಂದುಕೊಳ್ಳಿ.

ಬಂಗಾರದ ಬಗ್ಗೆ ಮಾತಾಡಿದರೆ ಮನೆಯಲ್ಲಿ ಊಟ ಸಿಗುವುದಿಲ್ಲ ಅಂತ ಗೊತ್ತು. ಆದರೂ ಪ್ರಶ್ನೆ ಹಾಕಲೇಬೇಕು. ಬಂಗಾರ ಬಡ್ಡಿ ಕೊಡುವುದಿಲ್ಲ, ಲಾಭ ಮಾಡುವುದಿಲ್ಲ. ಹತ್ತು ತೊಲ ಕಪಾಟಿನಲ್ಲಿಟ್ಟರೆ ಹತ್ತು ವರ್ಷದ ಮೇಲೂ ಹತ್ತೇ ತೊಲ. ಲಾಭ ಬರುವುದು ಮುಂದೆ ಕೊಳ್ಳುವವನ ಕಿಸೆಯಿಂದ ಮಾತ್ರ. ಈಚಿನ ವರ್ಷಗಳಲ್ಲಿ ಅವನು ಧಾರಾಳವಾಗಿ ಕೊಟ್ಟಿದ್ದಾನೆ ಅನ್ನುವುದು ನಿಜ. ಆಭರಣ ಮಾಡಿಸಿದರೆ ಮಜೂರಿ, 3 ಪರ್ಸೆಂಟ್ ಜಿಎಸ್‌ಟಿ ಬೇರೆ. ಮಾರುವಾಗ ಅವೆರಡೂ ವಾಪಸ್ ಬರುವುದಿಲ್ಲ. ಇಷ್ಟಾದರೂ ನಾನು ಬಂಗಾರ ಬೇಡ ಅನ್ನುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಹೆಸರಲ್ಲಿ ಹೊಲ ಇರುವುದಿಲ್ಲ, ಖಾತೆಯಲ್ಲಿ ರೊಕ್ಕ ಇರುವುದಿಲ್ಲ. ಅವರದು ಅಂತ ಇರುವುದು ಕೊರಳಲ್ಲಿ ಇದ್ದದ್ದೇ. ಅರ್ಧ ಗಂಟೆಯಲ್ಲಿ ಅಡವಿಟ್ಟು ಆಸ್ಪತ್ರೆಗೆ ಓಡಬಹುದಾದ ಆಸ್ತಿ ಬೇರೆ ಯಾವುದಿದೆ? ಹೂಡಿಕೆಯ ಪುಸ್ತಕ ಬರೆಯುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಚೀಟಿ, ಭಿಸಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅದರಲ್ಲಿ ಲಾಭ ಬರುವುದು ಅವಸರ ಇದ್ದು ಮೊದಲೇ ಬಿಟ್ಟುಕೊಟ್ಟು ಎತ್ತಿಕೊಂಡ ಸದಸ್ಯನಿಂದ. ಅವನು ಎತ್ತಿದ ಮೇಲೆ ಕಂತು ಕಟ್ಟದೇ ಹೋದರೆ ಉಳಿದವರಿಗೆ ನಷ್ಟ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆದ ಚೀಟಿಗೆ ಕೇಳುವವರಿದ್ದಾರೆ. ಓಣಿಯ ಚೀಟಿಗೆ ನಂಬಿಕೆಯೊಂದೇ.

"ಸರ್, ಆಪ್ಷನ್ಸ್‌ನ್ಯಾಗ ನನ್ನ ಗೆಳೆಯ ದಿನಕ್ಕ ಐದು ಸಾವಿರ ಮಾಡ್ತಾನ್ರೀ."

ಅವನು ಕಳೆದುಕೊಂಡ ದಿನ ಹೇಳಿರುವುದಿಲ್ಲ ತಮ್ಮಾ. ಅದಿರಲಿ, ಮುಂದಿನ ದಿನದ ಮಾಲಿಗೆ ಇವತ್ತೇ ದರ ಕಟ್ಟುವುದು ವಾಯ್ದಾ, ಆಪ್ಷನ್ಸ್ ಅದೇ ಕುಲದ್ದು. ವಾಯ್ದಾ ವ್ಯಾಪಾರ ಹುಟ್ಟಿದ್ದು ಯಾಕೆ ಅಂತ ಮೊದಲು ನೋಡೋಣ. ನಮ್ಮ ದಾಲ್ ಮಿಲ್ಲಿನವನು ಮಾರ್ಚ್‌ನಲ್ಲಿ ಬೇಳೆ ಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದಾನೆ, ತೊಗರಿ ದರ ಏರಿಬಿಟ್ಟರೆ ಅವನಿಗೆ ನಷ್ಟ. ರೈತನಿಗೆ ದರ ಇಳಿಯುವ ಭಯ. ಇಬ್ಬರೂ ಇವತ್ತೇ ಮಾರ್ಚ್‌ನ ದರ ಕಟ್ಟಿಕೊಂಡರೆ ಇಬ್ಬರಿಗೂ ನಿದ್ದೆ. ವಾಯ್ದಾದ ನಿಜವಾದ ಕೆಲಸ ಇದು. ವಿಪರ್ಯಾಸ ನೋಡಿ, ತೊಗರಿ ಕಣಜ ಅನ್ನಿಸಿಕೊಂಡ ಈ ಜಿಲ್ಲೆಯ ರೈತನಿಗೆ ಆ ಅನುಕೂಲ ಇಲ್ಲ. ಬೆಲೆ ಏರಿಸುತ್ತಾರೆ ಅನ್ನುವ ಭಯದಿಂದ 2007ರ ಜನವರಿಯಲ್ಲಿ ಸರ್ಕಾರ ತೊಗರಿ, ಉದ್ದಿನ ವಾಯ್ದಾ ನಿಲ್ಲಿಸಿತು. 2024ರ ಶುರುವಿನಲ್ಲಿ ಕ್ವಿಂಟಲ್‌ಗೆ 10,000 ದಾಟಿದ್ದ ತೊಗರಿ 2025ರ ಸುಗ್ಗಿಗೆ ಬೆಂಬಲ ಬೆಲೆ 7,550ರ ಆಸುಪಾಸಿಗೆ ಬಂತು. ಹಿಂದಿನ ದರ ನೋಡಿ ಮಾಲು ಹಿಡಿದಿಟ್ಟವರು ಏನಾದರು ಅಂತ ನಿಮಗೆ ಗೊತ್ತು. ಹಿಡಿದಿಡುವುದೂ ಹೂಡಿಕೆಯೇ. 7,500ರ ದರದಲ್ಲಿ 20 ಕ್ವಿಂಟಲ್ ಅಂದರೆ ಒಂದೂವರೆ ಲಕ್ಷ. 12 ಪರ್ಸೆಂಟ್ ಬಡ್ಡಿಯಲ್ಲಿ ಆರು ತಿಂಗಳಿಗೆ 9,000. ಕ್ವಿಂಟಲ್‌ಗೆ 450 ಏರಿದರೆ ಬಡ್ಡಿ ಮಾತ್ರ ಹುಟ್ಟುತ್ತದೆ. ಗೋದಾಮಿನ ಬಾಡಿಗೆ, ತೂಕ ಇಳಿಯುವುದು, ಹುಳ ಬೇರೆ.

ಇನ್ನು ಮೊಬೈಲ್‌ನಲ್ಲಿ ನಿಫ್ಟಿ (ಎನ್‌ಎಸ್‌ಇಯ ಸೂಚ್ಯಂಕ) ಏರುತ್ತದೋ ಇಳಿಯುತ್ತದೋ ಅಂತ ಆಪ್ಷನ್ಸ್ ಆಡುವ ಹುಡುಗರು. ಇಲ್ಲಿ ರೊಕ್ಕ ಯಾರಿಂದ ಬರುತ್ತದೆ? ಎದುರಿಗೆ ಕೂತವನಿಂದ. ನೀನು ಗೆದ್ದ ಒಂದು ರೂಪಾಯಿ ಅವನು ಸೋತ ಒಂದು ರೂಪಾಯಿ. ದಲಾಲಿ, ತೆರಿಗೆ ಇಬ್ಬರಿಂದಲೂ ಕಳೆಯುತ್ತದೆ. ಎದುರಿಗೆ ಕೂತವನು ಎಷ್ಟೋ ಸಲ ದೊಡ್ಡ ಕಂಪ್ಯೂಟರ್ ಇಟ್ಟುಕೊಂಡ ದೊಡ್ಡ ಸಂಸ್ಥೆ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಒಂದು ಅಧ್ಯಯನ ಹೊರಗೆ ತಂದಿತು. ಮೂರು ಹಣಕಾಸು ವರ್ಷಗಳಲ್ಲಿ ಷೇರು ವಾಯ್ದಾ ಮತ್ತು ಆಪ್ಷನ್ಸ್‌ನಲ್ಲಿ ಆಡಿದ ವ್ಯಕ್ತಿಗಳಲ್ಲಿ 93 ಪರ್ಸೆಂಟ್ ಜನ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಜಾಸ್ತಿ. ಇನ್ನು ನಿನ್ನ ಗೆಳೆಯನ ಬಗ್ಗೆ ನಾನು ಮಾತಾಡುವುದಿಲ್ಲ.

ಮೋಸದ ಸ್ಕೀಮಿಗೆ ಬರೋಣ. "ತಿಂಗಳಿಗೆ 5 ಪರ್ಸೆಂಟ್" ಅಂತ ಬರುತ್ತಾರಲ್ಲ, ಅವರ ಲೆಕ್ಕ ನೋಡಿ. ನಿಮ್ಮಿಂದ 1 ಲಕ್ಷ ತಗೊಂಡು ತಿಂಗಳಿಗೆ 5,000 ಕೊಡುತ್ತಾನೆ. ಏನೂ ವ್ಯಾಪಾರ ಮಾಡದೆ, ನಿಮ್ಮ ರೊಕ್ಕವನ್ನೇ ನಿಮಗೆ 20 ತಿಂಗಳು ಕೊಡಬಹುದು! ಅಷ್ಟರೊಳಗೆ ನೀವು ಊರೆಲ್ಲ ಹೇಳಿರುತ್ತೀರಿ. ಎಂಟನೇ ತಿಂಗಳಿಗೆ ಬೀಗರನ್ನು ಕರೆತಂದಿರುತ್ತೀರಿ. ಬೀಗರ ಲಕ್ಷದಿಂದ ಇನ್ನೂ 20 ತಿಂಗಳು. ವರ್ಷಕ್ಕೆ 60 ಪರ್ಸೆಂಟ್ ಗಳಿಸುವ ವಿದ್ಯೆ ಇದ್ದವನು ಬ್ಯಾಂಕಿನಲ್ಲಿ 12 ಪರ್ಸೆಂಟ್‌ಗೆ ಸಾಲ ತೆಗೆಯುವುದು ಬಿಟ್ಟು ನಿಮ್ಮ ಮನೆ ಬಾಗಿಲಿಗೆ ಯಾಕೆ ಬರುತ್ತಾನೆ? ಇಂಥ ಅನಧಿಕೃತ ಠೇವಣಿಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 2019ರಲ್ಲಿ ಬಂದಿದೆ. ರಾಜ್ಯದ ಕಾಯ್ದೆ 2004ರಿಂದಲೇ ಇದೆ. ಕಾಯ್ದೆಯಿಂದ ಅವನು ಜೈಲಿಗೆ ಹೋಗಬಹುದು. ರೊಕ್ಕ ಬರುವುದಕ್ಕೆ ವರ್ಷಗಳು ಬೇಕು, ಬರುವುದೂ ಪೂರ್ತಿ ಅಲ್ಲ. ಈಗ ಇದೇ ಆಟ ವಾಟ್ಸಾಪ್ ಗುಂಪುಗಳಿಗೆ, ನಕಲಿ ಟ್ರೇಡಿಂಗ್ ಆ್ಯಪ್‌ಗಳಿಗೆ ಬಂದಿದೆ. ಸೆಬಿ ನೋಂದಣಿ ಸಂಖ್ಯೆಯನ್ನು ಸೆಬಿ ವೆಬ್‌ಸೈಟಿನಲ್ಲೇ ಹುಡುಕಿ ನೋಡಿ, ಅವನು ಕಳಿಸಿದ ಫೋಟೋ ನಂಬಬೇಡಿ. ರೊಕ್ಕ ಹೋಗಿದ್ದರೆ ನಾಚಿಕೆ ಬಿಟ್ಟು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಆದಷ್ಟೂ ಅದು ಖಾತೆಯಿಂದ ಖಾತೆಗೆ ದಾಟಿಹೋಗುತ್ತದೆ.

ಕೊನೆಗೆ ಒಬ್ಬ ನಿವೃತ್ತ ಟೀಚರ್ ಎದ್ದು ನಿಂತರು. "ನನಗ 61 ವರ್ಷ. ಗ್ರಾಚುಟಿ ಬಂದಾದ. ಮಗ ಎಲ್ಲಾ ಮ್ಯೂಚುವಲ್ ಫಂಡಿಗೆ ಹಾಕು ಅಂತಾನ. ಏನ್ ಮಾಡ್ಲಿ?"

ಅಕ್ಕಾ, ಮಗ ತನ್ನ ವಯಸ್ಸಿಗೆ ಸರಿಯಾದ ಮಾತು ಹೇಳಿದ್ದಾನೆ. ನಿಮ್ಮ ವಯಸ್ಸಿಗೆ ಅಲ್ಲ. ಪಿಂಚಣಿಯಲ್ಲಿ ಮನೆ ಖರ್ಚು ನಡೆಯುತ್ತದಾ ಅಂತ ಮೊದಲು ನೋಡಿ. ನಡೆಯುವುದಿಲ್ಲ ಅಂದರೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 30 ಲಕ್ಷದವರೆಗೆ ಇಡಬಹುದು, ಐದು ವರ್ಷದ ಅವಧಿ, ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬರುತ್ತದೆ. 2023ರ ಏಪ್ರಿಲ್‌ನಲ್ಲಿ ದರ 8.2 ಪರ್ಸೆಂಟ್‌ಗೆ ಏರಿತು. ನೀವು ಇಡುವ ದಿನ ಎಷ್ಟಿದೆಯೋ ಅದೇ ಐದು ವರ್ಷ ನಡೆಯುತ್ತದೆ. ಬಡ್ಡಿ ಕೊಡುವುದು ಸರ್ಕಾರ. ಆರು ತಿಂಗಳ ಖರ್ಚು ಉಳಿತಾಯ ಖಾತೆಯಲ್ಲಿ ಇರಲಿ. ಇಷ್ಟೆಲ್ಲ ಆಗಿ, ಹತ್ತು ವರ್ಷ ಮುಟ್ಟದ ರೊಕ್ಕ ಉಳಿದರೆ ಅದರಲ್ಲಿ ಒಂದು ಪಾಲು ಫಂಡಿಗೆ ಹಾಕಿ. ಅದು ಮೊಮ್ಮಕ್ಕಳ ರೊಕ್ಕ ಅಂತ ತಿಳಿಯಿರಿ.

ಎಲ್ಲ ಕಡೆ ನಾಮಿನಿ ಬರೆಸಿ. ಆದರೆ ನಾಮಿನಿ ಅಂದರೆ ಮಾಲೀಕ ಅಲ್ಲ, ವಾರಸುದಾರರ ಪರವಾಗಿ ರೊಕ್ಕ ತೆಗೆದುಕೊಳ್ಳುವವನು. ಷೇರಿನ ವಿಷಯದಲ್ಲೂ ಹೀಗೇ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಬ್ಬರು ಮಕ್ಕಳಿದ್ದು ಒಬ್ಬರ ಹೆಸರು ಮಾತ್ರ ನಾಮಿನಿ ಆಗಿದ್ದರೆ ಒಂದು ವಿಲ್ ಬರೆದಿಡಿ.

ಪಕ್ಕದಲ್ಲಿದ್ದವರು ತಂದೆಯ ಹಳೆಯ ಪಾಸ್‌ಬುಕ್ ಸಿಕ್ಕಿದೆ, ಇಪ್ಪತ್ತು ವರ್ಷದಿಂದ ಯಾರೂ ಮುಟ್ಟಿಲ್ಲ ಅಂದರು. ಹತ್ತು ವರ್ಷ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೆ ವಾರಸುದಾರರ ಹಕ್ಕು ಹೋಗುವುದಿಲ್ಲ. 2023ರಿಂದ ಉದ್ಗಮ್ ಅನ್ನುವ ರಿಸರ್ವ್ ಬ್ಯಾಂಕಿನ ಪೋರ್ಟಲ್ ಇದೆ. ತಂದೆಯ ಹೆಸರು, ಪ್ಯಾನ್ ಅಥವಾ ಹುಟ್ಟಿದ ದಿನ ಹಾಕಿ ಹುಡುಕಬಹುದು. ಸಿಕ್ಕರೆ ಮರಣ ಪ್ರಮಾಣಪತ್ರ, ವಾರಸುದಾರಿಕೆಯ ಕಾಗದ ತೆಗೆದುಕೊಂಡು ಆ ಬ್ಯಾಂಕಿನ ಬ್ರಾಂಚಿಗೆ ಹೋಗಬೇಕು. ಬ್ಯಾಂಕು ವಿಲೀನ ಆಗಿದ್ದರೆ ಈಗ ಯಾವುದರಲ್ಲಿ ಸೇರಿದೆಯೋ ಅಲ್ಲಿಗೆ.